ಚರ್ಮದ ರಂಧ್ರಗಳು: ತಿಳಿಯಬೇಕಾದ್ದೇನು? ಆರೈಕೆ ಹೇಗೆ?

ಗುಮ್ಮಘಟ್ಟ: ಕನ್ನಡಿ ಮುಂದೆ ನಿಂತು, ಮೂಗಿನ ಪಕ್ಕದ ಸಣ್ಣ ಸಣ್ಣ ತೂತುಗಳನ್ನು ನೋಡಿ ಬೇಸರ ಪಟ್ಟುಕೊಳ್ಳದವರು ಕಡಿಮೆ. ಮದುವೆ ಸೀಸನ್ ಬಂತೆಂದರೆ ಸಾಕು, "ಈ ತೂತು ಮುಚ್ಚೋಕೆ ಏನಾದ್ರೂ ಕ್ರೀಮ್ ಇದೆಯಾ?" ಎಂದು ಹುಡುಗಿಯರಷ್ಟೇ ಅಲ್ಲ, ಈಗ ಹುಡುಗರೂ ಕೇಳುತ್ತಾರೆ. ಟಿವಿಯಲ್ಲಿ, ಮೊಬೈಲಿನಲ್ಲಿ ಕಾಣುವ ಮುಖಗಳಿಗೆ ತೂತುಗಳೇ ಇಲ್ಲ. ಹಾಗಾದರೆ ನಮಗೆ ಮಾತ್ರ ಯಾಕೆ?

ಉತ್ತರ ಸರಳ. ಆ ಮುಖಗಳಿಗೂ ತೂತುಗಳಿವೆ. ಕ್ಯಾಮೆರಾ, ಮೇಕಪ್ಪು ಮತ್ತು ಕಂಪ್ಯೂಟರ್ ಸೇರಿ ಅವನ್ನು ಮರೆಮಾಡಿರುತ್ತವೆ. ರಂಧ್ರಗಳನ್ನು ಪೂರ್ತಿ ಮುಚ್ಚುವ ಕ್ರೀಮ್ ಇಲ್ಲ, ಇರಲೂಬಾರದು. ಬೇಸಿಗೆಯಲ್ಲಿ 40 ಡಿಗ್ರಿ ದಾಟುವ ನಮ್ಮ ಸೀಮೆಯಲ್ಲಿ ಮನುಷ್ಯ ಹೊಲದಲ್ಲಿ ನಿಂತು ಕೆಲಸ ಮಾಡಿ ಸಂಜೆ ಮನೆಗೆ ಬರುತ್ತಾನೆಂದರೆ ಅದಕ್ಕೆ ಈ ತೂತುಗಳೇ ಕಾರಣ. ಅವು ಹೇಗೆ ಕೆಲಸ ಮಾಡುತ್ತವೆ, ಅವಕ್ಕೆ ಏನು ಬೇಕು, ಏನು ಬೇಡ ಎಂಬುದನ್ನು ಒಂದೊಂದಾಗಿ ನೋಡೋಣ.

ಎರಡು ಭಾಷೆ, ಎರಡು ರಂಧ್ರ

ರಾಯದುರ್ಗ ತಾಲ್ಲೂಕು 1953ರವರೆಗೆ ಬಳ್ಳಾರಿ ಜಿಲ್ಲೆಯಲ್ಲೇ ಇತ್ತು. ಆಮೇಲೆ ಆಂಧ್ರಕ್ಕೆ, ಅನಂತಪುರ ಜಿಲ್ಲೆಗೆ ಸೇರಿತು. ಮಡಕಶಿರಾ 2022ರಿಂದ ಶ್ರೀ ಸತ್ಯಸಾಯಿ ಜಿಲ್ಲೆಯಲ್ಲಿದೆ. ಜಿಲ್ಲೆ ಯಾವುದಾದರೂ ಈ ಭಾಗದ ಮನೆಗಳಲ್ಲಿ ಕನ್ನಡ, ತೆಲುಗು ಎರಡೂ ಓಡಾಡುತ್ತವೆ. ಚರ್ಮದ ತೂತಿಗೆ ಕನ್ನಡದಲ್ಲಿ ರೋಮರಂಧ್ರ ಎನ್ನುತ್ತೇವೆ, ಎಂದರೆ ಕೂದಲಿನ ತೂತು. ತೆಲುಗಿನಲ್ಲಿ ಸ್ವೇದ ರಂಧ್ರಾಲು ಎಂಬ ಮಾತು ಕೇಳಿರುತ್ತೀರಿ, ಎಂದರೆ ಬೆವರಿನ ತೂತು.

ಯಾರ ಮಾತು ಸರಿ? ಎರಡೂ ಸರಿ. ಏಕೆಂದರೆ ನಮ್ಮ ಚರ್ಮದಲ್ಲಿರುವುದು ಒಂದಲ್ಲ, ಎರಡು ಬಗೆಯ ರಂಧ್ರಗಳು.

ಮೊದಲನೆಯದು ಕೂದಲು ಮತ್ತು ಜಿಡ್ಡಿನ ರಂಧ್ರ. ಪ್ರತಿ ಕೂದಲಿನ ಬುಡಕ್ಕೆ ಅಂಟಿಕೊಂಡು ಒಂದು ಜಿಡ್ಡಿನ ಗ್ರಂಥಿ ಇರುತ್ತದೆ. ಅದರಲ್ಲಿ ತಯಾರಾದ ಎಣ್ಣೆಯಂಥ ಪದಾರ್ಥ ಕೂದಲಿನ ಗುಂಟ ಮೇಲೆ ಬಂದು ಚರ್ಮದ ಮೇಲೆ ಹರಡುತ್ತದೆ. ಮುಖ, ತಲೆ, ಎದೆ ಮತ್ತು ಬೆನ್ನಿನ ಮೇಲ್ಭಾಗದಲ್ಲಿ ಈ ಗ್ರಂಥಿಗಳು ದೊಡ್ಡವು, ಸಂಖ್ಯೆಯಲ್ಲೂ ಹೆಚ್ಚು. ಕನ್ನಡಿಯಲ್ಲಿ ಮೂಗು, ಕೆನ್ನೆಗಳ ಮೇಲೆ ಕಾಣುವ ತೂತು ಇದೇ.

ಎರಡನೆಯದು ಬೆವರಿನ ರಂಧ್ರ. ಇದು ಬರಿಗಣ್ಣಿಗೆ ಕಾಣದಷ್ಟು ಸಣ್ಣದು. ಮೈಯೆಲ್ಲ ಸೇರಿ ಒಬ್ಬ ಮನುಷ್ಯನಿಗೆ 20 ಲಕ್ಷದಿಂದ 40 ಲಕ್ಷ ಬೆವರು ಗ್ರಂಥಿಗಳಿರುತ್ತವೆ. ಅಂಗೈ, ಅಂಗಾಲುಗಳಲ್ಲಿ ಇವು ಅತಿ ದಟ್ಟ. ಅಲ್ಲಿ ಕೂದಲೂ ಇಲ್ಲ, ಜಿಡ್ಡಿನ ಗ್ರಂಥಿಯೂ ಇಲ್ಲ. ಅದಕ್ಕೇ ಅಂಗೈಯಲ್ಲಿ ಮೊಡವೆ ಏಳುವುದಿಲ್ಲ. ಬೆವರಿದಾಗ ಬೆರಳ ತುದಿಯನ್ನು ಒಂದು ಭೂತಗನ್ನಡಿಯಲ್ಲಿ ನೋಡಿ. ಬೆರಳಿನ ಗೆರೆಗಳ ಏಣಿನ ಮೇಲೆ ಸಾಲಾಗಿ ಸಣ್ಣ ಹನಿಗಳು ಮಿನುಗುತ್ತವೆ. ಇಂಗ್ಲೆಂಡಿನ ನೆಹೆಮಯ ಗ್ರ್ಯೂ ಎಂಬ ವೈದ್ಯ 1684ರಲ್ಲೇ ಈ ಗೆರೆಗಳನ್ನೂ ತೂತುಗಳನ್ನೂ ಗಮನಿಸಿ, ಚಿತ್ರ ಸಮೇತ ಪ್ರಕಟಿಸಿದ್ದ.

ಕಂಕುಳಿನಲ್ಲಿ ಇನ್ನೊಂದು ಬಗೆಯ ಬೆವರು ಗ್ರಂಥಿಯೂ ಇದೆ. ಅದರ ಬೆವರು ಕೂದಲಿನ ರಂಧ್ರದಿಂದಲೇ ಹೊರಬರುತ್ತದೆ. ಆ ಬೆವರಿಗೆ ತಾನಾಗಿ ಹೆಚ್ಚು ವಾಸನೆ ಇಲ್ಲ. ಚರ್ಮದ ಮೇಲಿನ ಬ್ಯಾಕ್ಟೀರಿಯಾ ಅದನ್ನು ಒಡೆದಾಗ ವಾಸನೆ ಹುಟ್ಟುತ್ತದೆ.

ಜಿಡ್ಡು ಶತ್ರುವೇ?

ಅಲ್ಲ. ಜಿಡ್ಡು ಚರ್ಮವನ್ನು ಮೆದುವಾಗಿಡುತ್ತದೆ, ಕೂದಲು ಒಣಗಿ ಮುರಿಯದಂತೆ ನೋಡಿಕೊಳ್ಳುತ್ತದೆ. ಮಕ್ಕಳಲ್ಲಿ ಇದು ಕಡಿಮೆ. ಹತ್ತು ಹನ್ನೆರಡು ವರ್ಷ ದಾಟಿ ಪ್ರಾಯಕ್ಕೆ ಬರುವಾಗ ಹಾರ್ಮೋನುಗಳ ಪ್ರಭಾವದಿಂದ ಗ್ರಂಥಿ ದೊಡ್ಡದಾಗುತ್ತದೆ, ಜಿಡ್ಡು ಹೆಚ್ಚುತ್ತದೆ. ಹೆಂಗಸರಲ್ಲಿ ಮುಟ್ಟು ನಿಂತ ಮೇಲೆ ಸಾಕಷ್ಟು ತಗ್ಗುತ್ತದೆ.

ತೊಂದರೆ ಶುರುವಾಗುವುದು ರಂಧ್ರದ ಬಾಯಿ ಕಟ್ಟಿಕೊಂಡಾಗ. ಚರ್ಮದ ಸತ್ತ ಕೋಶಗಳು ಉದುರದೆ ಜಿಡ್ಡಿನ ಜೊತೆ ಸೇರಿ ಬಿರಡೆಯಂತೆ ಕೂರುತ್ತವೆ. ಬಾಯಿ ತೆರೆದೇ ಇದ್ದರೆ ಅದು ಬ್ಲ್ಯಾಕ್‌ಹೆಡ್. ಮೇಲೆ ತೆಳು ಚರ್ಮ ಮುಚ್ಚಿಕೊಂಡಿದ್ದರೆ ವೈಟ್‌ಹೆಡ್. ಒಳಗೆ ಬ್ಯಾಕ್ಟೀರಿಯಾ ಹೆಚ್ಚಿ, ಸುತ್ತ ಕೆಂಪಾಗಿ ಊದಿಕೊಂಡರೆ ಅದೇ ಮೊಡವೆ.

ಬ್ಲ್ಯಾಕ್‌ಹೆಡ್ಡಿನ ಕಪ್ಪು ಕೊಳೆಯಲ್ಲ ಎಂಬುದನ್ನು ಮುಖ್ಯವಾಗಿ ಗಮನಿಸಿ. ಬಿರಡೆಯ ತುದಿ ಗಾಳಿಗೆ ತೆರೆದುಕೊಂಡಾಗ ಅದರಲ್ಲಿರುವ ಜಿಡ್ಡು ಮತ್ತು ಮೆಲನಿನ್ ಎಂಬ ಬಣ್ಣದ ಪದಾರ್ಥ ಕಪ್ಪಾಗಿ ಕಾಣುತ್ತವೆ. ಉಜ್ಜಿದಷ್ಟೂ ಅದು ಹೋಗುವುದಿಲ್ಲ, ಚರ್ಮ ಮಾತ್ರ ಕೆರೆದುಹೋಗುತ್ತದೆ. "ಮುಖ ಸರಿಯಾಗಿ ತೊಳೆಯಲ್ಲ, ಅದಕ್ಕೇ ಮೊಡವೆ" ಎಂದು ಮಕ್ಕಳನ್ನು ಬೈಯುವ ತಂದೆ ತಾಯಿಯರು ಇದನ್ನು ನೆನಪಿಟ್ಟುಕೊಳ್ಳಬೇಕು.

ಮೂಗಿನ ಮೇಲೆ ಬೂದು ಬಣ್ಣದ ಸಣ್ಣ ಚುಕ್ಕೆಗಳು ಒಂದೇ ಸಮನಾಗಿ ಕಾಣುತ್ತಿದ್ದರೆ ಅವು ಬಹುಪಾಲು ಬ್ಲ್ಯಾಕ್‌ಹೆಡ್ ಅಲ್ಲ. ಜಿಡ್ಡು ಹರಿಯುವ ಸಹಜ ಎಳೆಗಳು. ಒತ್ತಿದರೆ ದಾರದಂತೆ ಹೊರಬರುತ್ತವೆ, ಕೆಲವು ವಾರಗಳಲ್ಲಿ ಮತ್ತೆ ತುಂಬಿಕೊಳ್ಳುತ್ತವೆ. ಉಗುರಿನಿಂದ ಒತ್ತಿ ಗಾಯ ಮಾಡಿಕೊಂಡು ಲಾಭವಿಲ್ಲ.

ಕೆಲವರಿಗೆ ದೊಡ್ಡದಾಗಿ ಯಾಕೆ ಕಾಣುತ್ತವೆ?

ಮುಖ್ಯ ಕಾರಣಗಳು ಇಷ್ಟು:

1. ಮನೆತನ. ತಂದೆ ತಾಯಿಗೆ ಇದ್ದರೆ ಮಕ್ಕಳಿಗೂ ಬರುವುದು ಹೆಚ್ಚು.

2. ಜಿಡ್ಡಿನ ಪ್ರಮಾಣ. ಗ್ರಂಥಿ ದೊಡ್ಡದಾದಷ್ಟೂ ಬಾಯಿಯೂ ಅಗಲ. ಗಂಡಸರಲ್ಲಿ ಇದು ಹೆಚ್ಚು ಎದ್ದು ಕಾಣುತ್ತದೆ.

3. ವಯಸ್ಸು. ಚರ್ಮದ ಒಳಪದರದ ಬಿಗಿ ತಪ್ಪಿದಂತೆ ರಂಧ್ರದ ಅಂಚು ಸಡಿಲವಾಗುತ್ತದೆ. ಕೆನ್ನೆಯ ಮೇಲೆ ಗುಂಡಗಿದ್ದದ್ದು ಉದ್ದವಾಗಿ ಕಾಣತೊಡಗುತ್ತದೆ.

4. ಬಿಸಿಲು. ವರ್ಷಗಟ್ಟಲೆ ಬಿಸಿಲು ತಿಂದ ಚರ್ಮ ಬೇಗ ಬಿಗಿ ಕಳೆದುಕೊಳ್ಳುತ್ತದೆ. ನಾಲ್ಕು ಕಾರಣಗಳಲ್ಲಿ ನಮ್ಮ ಕೈಯಲ್ಲಿ ಹೆಚ್ಚಾಗಿ ಇರುವುದು ಇದೊಂದೇ.

ಇದರ ಜೊತೆಗೆ ಮೊಡವೆ ಚಿವುಟಿದ ಕಲೆಗಳೂ ಗುಂಡಿಗಳಾಗಿ ಉಳಿದು ರಂಧ್ರದಂತೆ ಕಾಣುತ್ತವೆ.

ಬಿಸಿನೀರು ತೆರೆಯುತ್ತದೆ, ಐಸ್ ಮುಚ್ಚುತ್ತದೆ, ನಿಜವೇ?

ನಿಜವಲ್ಲ. ಬಾಗಿಲು ತೆರೆದು ಮುಚ್ಚುವಂತೆ ರಂಧ್ರವನ್ನು ತೆರೆದು ಮುಚ್ಚುವ ಸ್ನಾಯು ಅಲ್ಲಿ ಇಲ್ಲ. ಚಳಿಯಾದಾಗ ಕೂದಲು ನಿಮಿರಿಸುವ ಒಂದು ಪುಟ್ಟ ಸ್ನಾಯು ಕೂದಲ ಬುಡದಲ್ಲಿದೆ, ಮೈ ಜುಮ್ಮೆನ್ನುವುದು ಅದರಿಂದ. ಆದರೆ ಅದು ರಂಧ್ರದ ಬಾಯಿ ಮುಚ್ಚುವುದಿಲ್ಲ. ಹಬೆ ಹಿಡಿದರೆ ಜಿಡ್ಡು ಸ್ವಲ್ಪ ಮೆತ್ತಗಾಗುತ್ತದೆ. ಐಸ್ ಇಟ್ಟರೆ ಊತ ಸ್ವಲ್ಪ ಹೊತ್ತು ಇಳಿಯುತ್ತದೆ. ಅಷ್ಟೇ.

ಇನ್ನೂ ಕೆಲವು ನಂಬಿಕೆಗಳು:

ಮೊಟ್ಟೆಯ ಬಿಳಿ, ಮುಲ್ತಾನಿ ಮಿಟ್ಟಿ: ಒಣಗುವಾಗ ಮುಖ ಬಿಗಿದಂತೆ ಅನಿಸುತ್ತದೆ. ಮುಲ್ತಾನಿ ಮಿಟ್ಟಿ ಮೇಲಿನ ಜಿಡ್ಡನ್ನೂ ಹೀರುತ್ತದೆ. ಪರಿಣಾಮ ಕೆಲವು ಗಂಟೆ ಮಾತ್ರ. ಒಣ ಚರ್ಮದವರಿಗೆ ಮಣ್ಣಿನ ಲೇಪ ಸರಿಹೊಂದುವುದಿಲ್ಲ.

ನಿಂಬೆಹಣ್ಣು: ಬೇಡ. ನಿಂಬೆರಸ ಹಚ್ಚಿಕೊಂಡು ಬಿಸಿಲಿಗೆ ಹೋದರೆ ಚರ್ಮ ಸುಟ್ಟಂತಾಗಿ ಕಪ್ಪು ಕಲೆ ಬೀಳಬಹುದು.

ಟೂತ್‌ಪೇಸ್ಟ್, ಅಡುಗೆ ಸೋಡ: ಇವೂ ಬೇಡ. ಚರ್ಮ ಉರಿಯುತ್ತದೆ, ಮೊಡವೆ ಇಳಿಯುವ ಬದಲು ಕಲೆ ಉಳಿಯುತ್ತದೆ.

ಕಡಲೆ ಹಿಟ್ಟು, ಹೆಸರು ಹಿಟ್ಟು: ನುಣ್ಣಗೆ ಬೀಸಿದ್ದಾದರೆ, ಮೃದುವಾಗಿ ಹಚ್ಚಿ ತೊಳೆದರೆ ತೊಂದರೆಯಿಲ್ಲ. ತರಿತರಿ ಹಿಟ್ಟಿನಿಂದ ಗಸಗಸ ಉಜ್ಜಬಾರದು.

ಚರ್ಮ ಉಸಿರಾಡುತ್ತದೆ ಎಂಬ ಮಾತು: ನಮಗೆ ಬೇಕಾದ ಆಮ್ಲಜನಕ ಬರುವುದು ಶ್ವಾಸಕೋಶದಿಂದ, ರಂಧ್ರದಿಂದಲ್ಲ. ಆದರೆ ಕಾಣದಂತೆ ನೀರು ಹೊರಹೋಗುತ್ತಿರುವುದು ನಿಜ. ಇಟಲಿಯ ಸಾಂಟೋರಿಯೊ ಎಂಬ ವೈದ್ಯ ತಕ್ಕಡಿಗೆ ಕಟ್ಟಿದ ಕುರ್ಚಿಯಲ್ಲಿ ಕೂತು ವರ್ಷಗಟ್ಟಲೆ ತನ್ನ ತೂಕ, ತಿಂದದ್ದು, ಹೊರಹಾಕಿದ್ದು ಎಲ್ಲ ಅಳೆದ. ತಿಂದು ಕುಡಿದದ್ದರಲ್ಲಿ ದೊಡ್ಡ ಪಾಲು ಕಣ್ಣಿಗೆ ಕಾಣದೆ ಹೋಗುತ್ತಿದೆ ಎಂದು 1614ರಲ್ಲಿ ಪುಸ್ತಕ ಬರೆದ. ಚರ್ಮದಿಂದಲೂ ಉಸಿರಿನಿಂದಲೂ ಆವಿಯಾಗುವ ನೀರೇ ಅದು.

ಬೆವರು ಇಲ್ಲದಿದ್ದರೆ?

ಇದನ್ನು ಅನಂತಪುರ ಸೀಮೆಯವರಿಗಿಂತ ಚೆನ್ನಾಗಿ ಬಲ್ಲವರಾರು? ವರ್ಷಕ್ಕೆ ಸುಮಾರು 550 ಮಿಲಿ ಮೀಟರ್ ಮಳೆ ಕಾಣುವ ಒಣ ನಾಡು ಇದು. ಬೇಸಿಗೆಯ ಮಧ್ಯಾಹ್ನ ಗಾಳಿಯೇ ಮೈಗಿಂತ ಬಿಸಿ. ಗಾಳಿ ಮೈಗಿಂತ ಬಿಸಿಯಾದಾಗ ಮೈಯ ಶಾಖ ಹೊರಹೋಗಲು ಉಳಿಯುವ ದಾರಿ ಒಂದೇ, ಅದು ಬೆವರು.

1 ಲೀಟರ್ ಬೆವರು ಚರ್ಮದ ಮೇಲೆ ಪೂರ್ತಿ ಆರಿದರೆ ಸುಮಾರು 580 ಕಿಲೊ ಕ್ಯಾಲೊರಿ ಶಾಖವನ್ನು ಎಳೆದುಕೊಂಡು ಹೋಗುತ್ತದೆ. ಎಷ್ಟೆಂದರೆ, 7 ಲೀಟರ್ ತಣ್ಣೀರನ್ನು ಒಲೆಯ ಮೇಲಿಟ್ಟು ಕುದಿಯುವ ಹಂತಕ್ಕೆ ತರುವಷ್ಟು ಶಾಖ. ಬಿಸಿಲಲ್ಲಿ ದುಡಿಯುವವನಿಗೆ ಗಂಟೆಗೆ 1 ಲೀಟರಿಗೂ ಹೆಚ್ಚು ಬೆವರು ಹೋಗಬಹುದು.

ಇಲ್ಲೊಂದು ಮೋಸವಿದೆ. ಮಂಗಳೂರು, ಕಾಸರಗೋಡಿನಂಥ ಕಡಲ ಸೀಮೆಯಲ್ಲಿ ಬೆವರು ಆರುವುದಿಲ್ಲ, ಅಂಗಿ ತೊಯ್ದು ಹೋಗುತ್ತದೆ. ನಮ್ಮಲ್ಲಿ ಬೆವರು ಬಂದ ಕೂಡಲೇ ಆರಿಬಿಡುತ್ತದೆ. "ನಾನೇನೂ ಅಷ್ಟು ಬೆವರಲ್ಲ" ಎಂದುಕೊಳ್ಳುತ್ತೇವೆ. ಆದರೆ ನೀರೂ ಉಪ್ಪೂ ಹೋಗಿಯೇ ಇರುತ್ತವೆ. ಸಂಜೆ ಅಂಗಿಯ ಬೆನ್ನ ಮೇಲೆ ಮೂಡಿದ ಬಿಳಿ ಗೆರೆ ಆ ಉಪ್ಪಿನದೇ.

ಹಾಗಾಗಿ ಬಾಯಾರಿಕೆಗೆ ಕಾಯದೆ ಆಗಾಗ ನೀರು ಕುಡಿಯಿರಿ. ಉಪ್ಪು ಹಾಕಿದ ಮಜ್ಜಿಗೆ, ರಾಗಿ ಅಂಬಲಿ ಒಳ್ಳೆಯವು. ತೀರಾ ಸುಸ್ತಾದರೆ ಓಆರ್‌ಎಸ್ ಪ್ಯಾಕೆಟ್ ಬಳಸಿ. ಅದಿಲ್ಲದಿದ್ದರೆ 1 ಲೀಟರ್ ಶುದ್ಧ ನೀರಿಗೆ 6 ಟೀ ಚಮಚ ಸಕ್ಕರೆ, ಅರ್ಧ ಟೀ ಚಮಚ ಉಪ್ಪು, ಚಮಚ ಮಟ್ಟವಾಗಿರಲಿ. ಊರಿನಿಂದ ದೂರ ಇದ್ದು ಬೇಸಿಗೆಗೆ ಮರಳಿ ಬಂದವರು ಮೊದಲ ದಿನವೇ ಪೂರ್ತಿ ಬಿಸಿಲಲ್ಲಿ ದುಡಿಯಬಾರದು. ಬಿಸಿಲಿಗೆ ಬೆವರು ಗ್ರಂಥಿಗಳು ಹೊಂದಿಕೊಳ್ಳಲು ಒಂದೆರಡು ವಾರ ಬೇಕು. ಹೊಂದಿಕೊಂಡ ಮೇಲೆ ಬೆವರು ಬೇಗ ಬರುತ್ತದೆ, ಹೆಚ್ಚು ಬರುತ್ತದೆ, ಅದರಲ್ಲಿ ಉಪ್ಪು ಕಡಿಮೆ ಇರುತ್ತದೆ.

ಬಿಸಿಲಲ್ಲಿದ್ದವರು ತಡವರಿಸಿ ಮಾತಾಡತೊಡಗಿದರೆ, ಗೊಂದಲಕ್ಕೊಳಗಾದರೆ, ಮೈ ಕೆಂಡದಂತಿದ್ದರೆ ಅದು ಬಿಸಿಲಾಘಾತ. ಆಗ ಬೆವರು ನಿಂತಿರಬಹುದು, ನಿಲ್ಲದೆಯೂ ಇರಬಹುದು. ನೆರಳಿಗೆ ತಂದು, ಮೈಗೆ ನೀರು ಹಾಕಿ ಗಾಳಿ ಬೀಸುತ್ತಲೇ 108ಕ್ಕೆ ಫೋನ್ ಮಾಡಿ. ಪ್ರಜ್ಞೆ ಇಲ್ಲದವರ ಬಾಯಿಗೆ ನೀರು ಹಾಕಬೇಡಿ.

ಬೆವರುಸಾಲೆ ಮತ್ತು ಕೂಸುಗಳು

ಬೆವರಿನ ಸಣ್ಣ ಕೊಳವೆ ಕಟ್ಟಿಕೊಂಡು ಬೆವರು ಚರ್ಮದೊಳಗೇ ಸೋರಿದಾಗ ಏಳುವ ಕೆಂಪು ಗುಳ್ಳೆಗಳೇ ಬೆವರುಸಾಲೆ. ಕುತ್ತಿಗೆ, ಬೆನ್ನು, ಕಂಕುಳಲ್ಲಿ ಚುಚ್ಚಿದಂತೆ ಕಡಿತ. ಮಗುವಿಗೆ ಬೇಸಿಗೆಯಲ್ಲೂ ಟೋಪಿ, ಸ್ವೆಟರ್ ಹಾಕಿ ಸುತ್ತುವ ಮನೆಗಳಲ್ಲಿ ಇದು ಹೆಚ್ಚು. ಮದ್ದು ಸುಲಭ. ತೆಳು ಹತ್ತಿ ಬಟ್ಟೆ, ಗಾಳಿ, ತಣ್ಣೀರಿನ ಸ್ನಾನ. ಗುಳ್ಳೆ ಇರುವಾಗ ಎಣ್ಣೆ ಹಚ್ಚಿ ಮಾಲೀಸು ಮಾಡುವುದು ಬೇಡ. ಪೌಡರನ್ನು ಮಂದವಾಗಿ ಹಾಕಿದರೆ ಅದು ಬೆವರಿನಲ್ಲಿ ಕಲಸಿ ಮೆತ್ತಿಕೊಳ್ಳುತ್ತದೆ. ಕೂಸಿನ ಮುಖದ ಹತ್ತಿರವಂತೂ ಪೌಡರ್ ಉದುರಿಸಲೇಬಾರದು, ಅದರ ಧೂಳು ಉಸಿರಿನೊಳಗೆ ಹೋಗುತ್ತದೆ.

ನಮ್ಮ ಧೂಳು, ನಮ್ಮ ನೀರು

ಪಟ್ಟಣದ ಪತ್ರಿಕೆಗಳಲ್ಲಿ ಬರುವ ಸೌಂದರ್ಯ ಸಲಹೆಗಳು ನಮ್ಮ ಊರಿಗೆ ಹಾಗೆಯೇ ಹೊಂದುವುದಿಲ್ಲ. ಇಲ್ಲಿನ ಗಾಳಿ, ನೀರು, ದುಡಿಮೆ ಬೇರೆ.

ಧೂಳು: ವೇದಾವತಿ, ಅಂದರೆ ನಮ್ಮ ಹಗರಿ, ಭೈರವಾನಿತಿಪ್ಪ ಅಣೆಕಟ್ಟೆ ದಾಟಿ ಕಣೇಕಲ್ಲಿನ ಕಡೆ ಹೋಗುವ ದಾರಿಯಲ್ಲಿ ಮರಳು ದಿಬ್ಬಗಳನ್ನೇ ಎಬ್ಬಿಸಿದೆ. ಗಾಳಿಯ ತಿಂಗಳಲ್ಲಿ ಮರಳು ಮುಖಕ್ಕೆ ರಾಚುತ್ತದೆ. ಧೂಳು ಮೊಡವೆ ಹುಟ್ಟಿಸುವುದಿಲ್ಲ. ಆದರೆ ಬೆವರು, ಜಿಡ್ಡಿನ ಜೊತೆ ಮೆತ್ತಿಕೊಂಡಾಗ ಉಜ್ಜಿದರೆ ಅದೇ ಮರಳು ಕಾಗದದಂತೆ ಚರ್ಮ ಗೀಚುತ್ತದೆ. ಮೊದಲು ಬರಿ ನೀರು ಎರಚಿ ಧೂಳು ಇಳಿಸಿ, ಆಮೇಲೆ ಸೋಪು ಮುಟ್ಟಿ. ಬೈಕಿನಲ್ಲಿ ಹೋಗುವಾಗ ಟವೆಲ್ಲೋ ಸೆರಗೋ ಮುಖಕ್ಕಿರಲಿ. ಆ ಬಟ್ಟೆಯನ್ನು ದಿನವೂ ಒಗೆಯಿರಿ.

ಬೋರ್ ನೀರು: ನಮ್ಮ ಕೊಳವೆ ಬಾವಿಗಳ ನೀರು ಬಹಳ ಕಡೆ ಗಡಸು. ಸೋಪಿನ ನೊರೆ ಏಳದೆ ಬಕೆಟ್ಟಿನ ಅಂಚಿಗೆ ಬಿಳಿ ಪೊರೆ ಕಟ್ಟುತ್ತದಲ್ಲ, ಅದು ನೀರಿನ ಸುಣ್ಣದ ಅಂಶ ಸೋಪಿನ ಜೊತೆ ಸೇರಿ ಆದದ್ದು. ಅದೇ ಪೊರೆ ಚರ್ಮದ ಮೇಲೂ ಉಳಿದು ಒಣಗಿಸುತ್ತದೆ. ನೊರೆ ಬರಲಿಲ್ಲವೆಂದು ಇನ್ನಷ್ಟು ಸೋಪು ಹಚ್ಚಬೇಡಿ. ಮುಖಕ್ಕಾದರೂ ಕಡಿಮೆ ಕ್ಷಾರದ ಫೇಸ್‌ವಾಶ್ ಬಳಸಿ, ಚೆನ್ನಾಗಿ ತೊಳೆಯಿರಿ. ಸಾಧ್ಯವಿದ್ದರೆ ಕೊನೆಯ ಒಂದು ಚೊಂಬು ಕುಡಿಯುವ ನೀರಿನದಾಗಿರಲಿ.

ತಲೆ ಎಣ್ಣೆ: ಹಣೆಯಂಚಿನಲ್ಲಿ, ಕಿವಿಯ ಮುಂದೆ ಸಣ್ಣ ಸಣ್ಣ ಗುಳ್ಳೆ ಏಳುತ್ತಿದ್ದರೆ ತಲೆಗೆ ಹಾಕಿದ ಎಣ್ಣೆ ಇಳಿದು ಬರುತ್ತಿದೆಯೇ ನೋಡಿ. ಯುಗಾದಿಯ ಎಣ್ಣೆಸ್ನಾನ ಬಿಡಬೇಕೆಂದಲ್ಲ. ಹಚ್ಚಿ, ತಿಕ್ಕಿ, ಸೀಗೆಕಾಯಿ ಹಾಕಿ ತೊಳೆದುಬಿಡಿ. ಮೊಡವೆ ಇರುವವರು ರಾತ್ರಿಯೆಲ್ಲ ಎಣ್ಣೆತಲೆಯಲ್ಲಿ ಮಲಗಬಾರದು. ದಿಂಬಿನ ಕವರ್ ವಾರಕ್ಕೆರಡು ಸಲ ಬದಲಿಸಿ.

ಕೆಲಸದ ಬಟ್ಟೆ: ಲಾರಿ ಮೆಕ್ಯಾನಿಕ್, ಬೋರ್ ಲಾರಿಯ ಕೂಲಿಯವರಿಗೆ ತೊಡೆ, ಮುಂಗೈಗಳಲ್ಲಿ ಕಪ್ಪು ತಲೆಯ ಗುಳ್ಳೆಗಳು ಏಳುವುದುಂಟು. ಆಯಿಲ್, ಗ್ರೀಸು ಹೀರಿದ ಬಟ್ಟೆ ಚರ್ಮಕ್ಕೆ ಒತ್ತಿ ರಂಧ್ರ ಕಟ್ಟುವುದೇ ಕಾರಣ. ಬಟ್ಟೆ ದಿನವೂ ಬದಲಿಸಿದರೆ ಅರ್ಧ ವಾಸಿ. ರಾಯದುರ್ಗದ ಜೀನ್ಸ್ ಹೊಲಿಗೆ ಮನೆಗಳಲ್ಲಿ ದುಡಿಯುವವರು ಬಟ್ಟೆಯ ಜುಂಗು, ಬೆವರು ಮೆತ್ತಿದ ಮುಖವನ್ನು ಮನೆಗೆ ಬಂದ ಕೂಡಲೇ ತೊಳೆದರೆ ಸಾಕು.

ದಿನದ ಆರೈಕೆ

ಖರ್ಚು ಬೇಕಿಲ್ಲ, ಕ್ರಮ ಬೇಕು.

ಮುಖವನ್ನು ದಿನಕ್ಕೆ 2 ಸಲ, ಜೊತೆಗೆ ಹೆಚ್ಚು ಬೆವರಿದ ಮೇಲೊಮ್ಮೆ ತೊಳೆಯಿರಿ. ಅದಕ್ಕಿಂತ ಹೆಚ್ಚು ಬೇಡ. ಮಾಮೂಲಿ ಸೋಪು ಕ್ಷಾರ, ಚರ್ಮ ಸ್ವಲ್ಪ ಆಮ್ಲ. ಪದೇ ಪದೇ ಸೋಪು ಹಚ್ಚಿದರೆ ಚರ್ಮದ ರಕ್ಷಣೆಯ ಪದರ ಹಾಳಾಗುತ್ತದೆ.

ಬೆರಳ ತುದಿಯಿಂದ ಮೃದುವಾಗಿ ತೊಳೆದು, ಒರೆಸುವಾಗ ಟವೆಲ್ಲಿನಿಂದ ಒತ್ತಿ ತೆಗೆಯಿರಿ.

ಜಿಡ್ಡಿನ ಚರ್ಮದವರಿಗೂ ತೆಳುವಾದ, ಎಣ್ಣೆಯಿಲ್ಲದ ಮಾಯಿಶ್ಚರೈಸರ್ ಬೇಕಾಗುತ್ತದೆ. ಮೊಡವೆ ಬರುವ ಮುಖಕ್ಕೆ ಕೊಬ್ಬರಿ ಎಣ್ಣೆ ಬೇಡ, ಅದು ಹಲವರಲ್ಲಿ ರಂಧ್ರ ಕಟ್ಟುತ್ತದೆ. ಕೈಕಾಲಿನ ಒಣ ಚರ್ಮಕ್ಕೆ ಅದೇ ಎಣ್ಣೆ ಒಳ್ಳೆಯದು. ಕೊಳ್ಳುವಾಗ ಡಬ್ಬಿಯ ಮೇಲೆ ನಾನ್ ಕಾಮೆಡೊಜೆನಿಕ್ ಎಂದು ಬರೆದಿದೆಯೇ ನೋಡಿ. ರಂಧ್ರ ಕಟ್ಟದಂತೆ ತಯಾರಿಸಿದ್ದು ಎಂದು ಅದರ ಅರ್ಥ.

ಬೆಳಿಗ್ಗೆ 10ರಿಂದ ಸಂಜೆ 4ರವರೆಗಿನ ಬಿಸಿಲಿನಿಂದ ಮುಖ ಉಳಿಸಿಕೊಳ್ಳಿ. ಛತ್ರಿ, ಟೋಪಿ, ಸೆರಗು, ಇವು ಮೊದಲು. ಕೊಳ್ಳಲು ಆಗುವವರು ಎಸ್‌ಪಿಎಫ್ 30ರ ಸನ್‌ಸ್ಕ್ರೀನ್ ಹಚ್ಚಿಕೊಳ್ಳಬಹುದು.

ಎಷ್ಟೇ ತಡವಾದರೂ ಮೇಕಪ್ಪು ತೆಗೆದು ಮಲಗಿ. ಮದುವೆ ಮನೆಯ ರಾತ್ರಿಗೂ ಇದೇ ಮಾತು.

ಔಷಧಿ ಏನಿದೆ?

ರಂಧ್ರದ ಬಿರಡೆ ಸಡಿಲಿಸಲು ಸ್ಯಾಲಿಸಿಲಿಕ್ ಆಮ್ಲ, ಮೊಡವೆಗೆ ಬೆಂಜಾಯ್ಲ್ ಪೆರಾಕ್ಸೈಡ್, ರಾತ್ರಿ ಹಚ್ಚಲು ಅಡಾಪಲಿನ್ ಅಥವಾ ಟ್ರೆಟಿನಾಯಿನ್, ಇವು ವೈದ್ಯರು ಸಾಮಾನ್ಯವಾಗಿ ಬರೆದುಕೊಡುವ ಔಷಧಿಗಳು. ಮೊದಲ ವಾರಗಳಲ್ಲಿ ಚರ್ಮ ಸ್ವಲ್ಪ ಒಣಗಿ ಸಿಪ್ಪೆ ಏಳಬಹುದು. ಗುಣ ಕಾಣಲು 2-3 ತಿಂಗಳು ಬೇಕು. ಬೆಂಜಾಯ್ಲ್ ಪೆರಾಕ್ಸೈಡ್ ಬಣ್ಣದ ಟವೆಲ್ಲು, ದಿಂಬಿನ ಕವರನ್ನು ಬೆಳ್ಳಗೆ ಮಾಡುತ್ತದೆ, ಹುಷಾರು. ಅಡಾಪಲಿನ್, ಟ್ರೆಟಿನಾಯಿನ್‌ಗಳನ್ನು ಬಸುರಿಯರು ಬಳಸಬಾರದು. ಪೀಲಿಂಗ್, ಲೇಸರ್ ಚಿಕಿತ್ಸೆಗಳು ರಂಧ್ರ ಕಾಣುವುದನ್ನು ತಗ್ಗಿಸಬಲ್ಲವು, ಅಳಿಸಲಾರವು. ಅವನ್ನು ಚರ್ಮ ತಜ್ಞರ ಹತ್ತಿರವೇ ಮಾಡಿಸಬೇಕು.

ಈ ಟ್ಯೂಬಿನ ಬಗ್ಗೆ ಎಚ್ಚರ!

ಈ ಲೇಖನ ಬರೆಯಲು ಕಾರಣವಾದ ವಿಷಯಕ್ಕೆ ಈಗ ಬರುತ್ತೇನೆ. ನಮ್ಮ ಸಂಬಂಧಿಕರ ಮನೆಯ ಹುಡುಗಿ. ನಿಶ್ಚಿತಾರ್ಥ ಹತ್ತಿರ ಬಂದಾಗ ಯಾರೋ ಒಂದು ಸಣ್ಣ ಟ್ಯೂಬು ಹೇಳಿದರು. ಚೀಟಿ ಇಲ್ಲದೆ ಅಂಗಡಿಯಲ್ಲಿ ಸಿಕ್ಕಿತು. ಎರಡೇ ವಾರದಲ್ಲಿ ಮುಖ ಗಾಜಿನಂತೆ ನುಣುಪು. ತೂತು ಮಾಯ, ಬಣ್ಣವೂ ತಿಳಿ. ಮನೆಯವರೆಲ್ಲ ಮೆಚ್ಚಿದರು, ಅಕ್ಕ ತಂಗಿಯರೂ ಹಚ್ಚಿಕೊಂಡರು. ನಾಲ್ಕನೇ ತಿಂಗಳಿಗೆ ಕೆನ್ನೆಯೆಲ್ಲ ಕೆಂಪು, ಮೊದಲು ಇಲ್ಲದಷ್ಟು ಮೊಡವೆ. ಒಲೆಯ ಮುಂದೆ ನಿಲ್ಲಲಾಗದಷ್ಟು ಉರಿ. ಹಚ್ಚುವುದು ಬಿಟ್ಟರೆ ಇನ್ನೂ ಹೆಚ್ಚು. ನಿಶ್ಚಿತಾರ್ಥದ ಫೋಟೋಗಳಲ್ಲಿ ಆ ಹುಡುಗಿ ಸೆರಗನ್ನು ಕೆನ್ನೆಗೆ ಹತ್ತಿರ ಹಿಡಿದೇ ನಿಂತಿದ್ದಾಳೆ. ಚರ್ಮ ತಜ್ಞರ ಚಿಕಿತ್ಸೆಯಲ್ಲಿ ಸುಧಾರಿಸಲು ಹೆಚ್ಚು ಕಡಿಮೆ ಒಂದು ವರ್ಷ ಹಿಡಿಯಿತು.

ಆ ಟ್ಯೂಬಿನಲ್ಲಿದ್ದದ್ದು ಸ್ಟೀರಾಯ್ಡ್. ಇಸುಬಿನಂಥ ಕೆಲವು ಚರ್ಮರೋಗಗಳಿಗೆ, ವೈದ್ಯರು ಹೇಳಿದಷ್ಟು ದಿನ ಬಳಸಿದರೆ ಅದು ಉತ್ತಮ ಔಷಧಿ. ಮುಖಕ್ಕೆ ಕ್ರೀಮಿನಂತೆ ತಿಂಗಳುಗಟ್ಟಲೆ ಹಚ್ಚಿದರೆ ಚರ್ಮ ತೆಳುವಾಗುತ್ತದೆ, ರಕ್ತನಾಳ ಕಾಣತೊಡಗುತ್ತವೆ, ಮೊಡವೆ ಏಳುತ್ತದೆ, ಕೂದಲು ಬೆಳೆಯಬಹುದು. ದೇಶದ ಚರ್ಮ ತಜ್ಞರು ಸ್ಟೀರಾಯ್ಡಿನಿಂದ ಹಾಳಾದ ಮುಖ ಎಂದು ಇದಕ್ಕೆ ಬೇರೆಯೇ ಹೆಸರಿಟ್ಟಿದ್ದಾರೆ, ಅಷ್ಟು ಜನ ಅವರ ಹತ್ತಿರ ಬರುತ್ತಾರೆ. ಕೇಂದ್ರ ಸರ್ಕಾರ 2018ರಲ್ಲಿ 14 ಬಗೆಯ ಸ್ಟೀರಾಯ್ಡ್ ಮುಲಾಮುಗಳನ್ನು ವೈದ್ಯರ ಚೀಟಿ ಇಲ್ಲದೆ ಮಾರಬಾರದೆಂದು ಶೆಡ್ಯೂಲ್ ಎಚ್ ಪಟ್ಟಿಗೆ ಸೇರಿಸಿತು.

ಗುರುತಿಸುವುದು ಹೇಗೆ? ಟ್ಯೂಬಿನ ಮೇಲೆ ಬೀಟಾಮೆಥಾಸೋನ್, ಮೊಮೆಟಾಸೋನ್, ಕ್ಲೋಬೆಟಾಸಾಲ್, ಫ್ಲುಸಿನೊಲೋನ್ ಎಂಬ ಹೆಸರುಗಳಿವೆಯೇ ನೋಡಿ. ಅಕ್ಷರ ಸಣ್ಣದಾದರೆ ಓದುವ ಮಕ್ಕಳಿಂದ ಓದಿಸಿ. ಕೆಂಪು ಗೆರೆ ಅಥವಾ ಆರ್‌ಎಕ್ಸ್ ಗುರುತು ಇದ್ದರೆ ಅದು ಚೀಟಿಯ ಔಷಧಿ, ಸೌಂದರ್ಯದ ಕ್ರೀಮಲ್ಲ. ಈಗಾಗಲೇ ಹಚ್ಚುತ್ತಿದ್ದರೆ ಗಾಬರಿ ಬೇಡ. ಟ್ಯೂಬನ್ನು ಜೊತೆಗಿಟ್ಟುಕೊಂಡು ಚರ್ಮ ತಜ್ಞರ ಹತ್ತಿರ ಹೋಗಿ. ಬಿಡುವ ಕ್ರಮವನ್ನು ಅವರು ಹೇಳುತ್ತಾರೆ.

ಹೆಸರು, ವಿಳಾಸ ಇಲ್ಲದ ಬಿಳುಪಿನ ಕ್ರೀಮುಗಳಂತೂ ಇನ್ನೂ ಅಪಾಯ. ಅಂಥವುಗಳಲ್ಲಿ ಪಾದರಸ ಇರುವುದುಂಟು, ಅದು ಮೂತ್ರಪಿಂಡ ಕೆಡಿಸುತ್ತದೆ. ಕೇರಳದ ಮಲಪ್ಪುರಂ ಜಿಲ್ಲೆಯಲ್ಲಿ ಇಂಥ ಕ್ರೀಮ್ ಹಚ್ಚಿ ಮೂತ್ರಪಿಂಡದ ಕಾಯಿಲೆಗೆ ಒಳಗಾದವರನ್ನು ವೈದ್ಯರು 2023ರಲ್ಲಿ ಗುರುತಿಸಿದ್ದರು.

ಬೆವರದ ಮಚ್ಚೆ ಕಂಡರೆ

ಕೊನೆಯದಾಗಿ, ರಂಧ್ರಗಳು ಕೆಲಸ ನಿಲ್ಲಿಸಿ ಒಂದು ರೋಗದ ಸುಳಿವು ಕೊಡುವುದೂ ಉಂಟು. ಮೈಮೇಲೆ ತಿಳಿ ಬಣ್ಣದ ಅಥವಾ ಕೆಂಪಗಿನ ಮಚ್ಚೆ. ಅಲ್ಲಿ ಮುಟ್ಟಿದರೆ ಗೊತ್ತಾಗುವುದಿಲ್ಲ, ಕೂದಲು ಉದುರಿದೆ, ಬಿಸಿಲಲ್ಲಿ ಮೈಯೆಲ್ಲ ಬೆವರಿದರೂ ಅಷ್ಟು ಜಾಗ ಒಣಗಿಯೇ ಇದೆ. ಹೀಗಿದ್ದರೆ ಅದು ಕುಷ್ಠರೋಗ ಇರಬಹುದು. ನರಕ್ಕೆ ಪೆಟ್ಟಾಗಿ ಬೆವರು ನಿಂತಿರುತ್ತದೆ. ಇದಕ್ಕೆ ಕ್ರೀಮ್ ಹಚ್ಚಿ ಮುಚ್ಚಿಡಬೇಡಿ, ನಾಚಿಕೆಯೂ ಬೇಡ. ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ತೋರಿಸಿದರೆ ಬಹು ಔಷಧಿ ಚಿಕಿತ್ಸೆ ಉಚಿತ. ಬೇಗ ಬಂದರೆ ಅಂಗವಿಕಲತೆ ಇಲ್ಲದೆ ಪೂರ್ತಿ ವಾಸಿ.

ಕುರುಗಳು ಮತ್ತೆ ಮತ್ತೆ ಏಳುತ್ತಿದ್ದರೆ, ಮೊಡವೆ ಗಂಟಾಗಿ ನೋಯುತ್ತಿದ್ದರೆ, ಹುಡುಗಿಯರಲ್ಲಿ ಮೊಡವೆ ಜೊತೆ ಮುಟ್ಟು ಏರುಪೇರಾಗಿ ಗದ್ದದ ಮೇಲೆ ಕೂದಲು ಬರುತ್ತಿದ್ದರೆ, ಆಗಲೂ ವೈದ್ಯರನ್ನು ಕಾಣಬೇಕು. ನಮ್ಮ ಕಡೆಯವರಿಗೆ ಅನಂತಪುರದ ಸರ್ಕಾರಿ ಜನರಲ್ ಆಸ್ಪತ್ರೆ ಒಂದು ದಾರಿ, ಜನ ಈಗಲೂ ವಿಮ್ಸ್ ಎಂದೇ ಕರೆಯುವ ಬಳ್ಳಾರಿಯ ಸರ್ಕಾರಿ ವೈದ್ಯಕೀಯ ಕಾಲೇಜು ಆಸ್ಪತ್ರೆ ಇನ್ನೊಂದು.

ನೆನಪಿಡಿ

ಮೃದುವಾಗಿ ತೊಳೆಯಿರಿ. ಚಿವುಟಬೇಡಿ. ಬಿಸಿಲಿಗೆ ಮರೆ ಇರಲಿ. ನೀರು ಕುಡಿಯಿರಿ. ಚೀಟಿ ಇಲ್ಲದ ಟ್ಯೂಬು ಮುಖಕ್ಕೆ ಬೇಡ.

ಮುಂದಿನ ಸಲ ಮೂಗಿನ ಮೇಲಿನ ತೂತು ನೋಡಿ ಬೇಸರವಾದರೆ, ಶೇಂಗಾ ಹೊಲದಿಂದ ಬಂದು ಕಟ್ಟೆಯ ಮೇಲೆ ಕೂತು ಹಣೆ ಒರೆಸಿಕೊಳ್ಳುವ ಅಪ್ಪನನ್ನೋ ಅಮ್ಮನನ್ನೋ ಒಮ್ಮೆ ನೋಡಿ. ಆ ಬೆವರು ಬಂದದ್ದೂ ಚರ್ಮದ ರಂಧ್ರಗಳಿಂದಲೇ. ಅವು ತಮ್ಮ ಕೆಲಸ ಮಾಡಿಕೊಂಡಿವೆ. ಅಡ್ಡ ಬರದಿದ್ದರೆ ಅದೇ ನಾವು ಮಾಡುವ ದೊಡ್ಡ ಆರೈಕೆ.